ಕರಿಯ ಸತ್ತು ಆರು ದಿನ ಆಯ್ತು, ಮಗನಿಗೆ ಇನ್ನೂ ಹೇಳಿಲ್ಲ, ಶನಿವಾರ ತೋಟಕ್ಕೆ ಕರ್ಕೊಂಡ್ ಹೋಗು ಅಂತಿದಾನೆ

ಕಲ್ಪತರು_ಅಮ್ಮ · ಮಂಗಳವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ, ಬರೀತಿರೋದು ಇದೇ ಮೊದಲು. ನಾವು ತಿಪಟೂರು ಕಡೆಯವರು. ನಮ್ಮನೇಲಿ ಕರಿಯ ಅಂತ ನಾಯಿ ಇದ್ದ, ಜಾತಿ ನಾಯಿ ಏನಲ್ಲ, ಮಳೇಲಿ ಚರಂಡಿ ಪಕ್ಕ ನಡುಗ್ತಾ ಕೂತಿದ್ದ ಮರೀನ ನಮ್ಮನೆಯವರು ಶರ್ಟ್ ಒಳಗೆ ಇಟ್ಕೊಂಡು ತಂದಿದ್ದು, ಆಗ ಮಗಳಿಗೆ 2 ವರ್ಷ. ಈಗ ಅವಳಿಗೆ 11, ಮಗನಿಗೆ 6. ಮಗ ಅಂತೂ ಕರಿಯನ ಬೆನ್ನು ಹಿಡ್ಕೊಂಡೇ ಎದ್ದು ನಿಲ್ಲೋದು ಕಲಿತವನು.

ಹೋದ ತಿಂಗಳಿಂದ ಸುಮ್ನೆ ನೀರು ಕುಡಿಯೋನು, ಊಟ ಮೂಸಿ ಬಿಟ್ಟುಬಿಡೋನು, ವಾಂತಿ ಬೇರೆ. ಡಾಕ್ಟರು ರಕ್ತ ಟೆಸ್ಟ್ ಮಾಡಿಸಿ ಎರಡೂ ಕಿಡ್ನಿ ಹೋಗಿದೆ ಅಂದ್ರು. ನಾಲ್ಕು ದಿನ ಡ್ರಿಪ್ ಹಾಕ್ಸಿದ್ವಿ. ಬುಧವಾರ ಬೆಳಗಿನ ಜಾವ ವರಾಂಡದಲ್ಲಿ ನನ್ನ ಕೈ ಮೇಲೆ ತಲೆ ಇಟ್ಕೊಂಡೇ ಪ್ರಾಣ ಬಿಟ್ಟ. ಮಗ ಮಲಗಿದ್ದ. ಅವನು ಏಳೋದ್ರೊಳಗೆ ನಮ್ಮನೆಯವರು ಹಳೇ ಬೆಡ್‌ಶೀಟಲ್ಲಿ ಸುತ್ತಿ ಗಾಡೀಲಿ ಇಟ್ಕೊಂಡು ಅತ್ತೆ ತೋಟಕ್ಕೆ ಹೋಗಿ ತೆಂಗಿನ ಮರದ ಹತ್ರ ಮಣ್ಣು ಮಾಡಿ ಬಂದ್ರು. ಮಗ ಎದ್ದು ಕರಿಯ ಎಲ್ಲಿ ಅಂತ ಕೇಳ್ದಾಗ ಇವರ ಬಾಯಿಂದ ಬಂದಿದ್ದು, "ಅಜ್ಜಿ ತೋಟಕ್ಕೆ ಹೋಗಿದಾನೆ ಪುಟ್ಟ, ಅಲ್ಲಿ ಗಾಳಿ ಚೆನ್ನಾಗಿದೆ, ಹುಷಾರಾಗ್ತಾನೆ." ನಾನೂ ಹೂಂ ಅಂದ್ಬಿಟ್ಟೆ.

ಈಗ ದಿನಾ ಕೇಳ್ತಾನೆ. ಒಂದು ಬಿಸ್ಕತ್ ಪ್ಯಾಕೆಟ್ ಎತ್ತಿಟ್ಟಿದಾನೆ, ಶನಿವಾರ ಹೋಗಿ ಕರಿಯಂಗೆ ಕೊಡ್ತೀನಿ ಅಂತ. ಮಗಳಿಗೆ ಎಲ್ಲಾ ಗೊತ್ತು, ಅವತ್ತು ಎದ್ದು ಬಂದು ನೋಡಿದಾಳೆ. ತಮ್ಮಂಗೆ ಹೇಳ್ಬೇಡ ಅಂತ ನಾವೇ ಹೇಳಿದ್ವಿ. ಅವಳು ನಮ್ಮ ಹತ್ರ ಮಾತೇ ಬಿಟ್ಟಿದಾಳೆ, ರಾತ್ರಿ ಕರಿಯನ ಬೆಲ್ಟ್ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ಅತ್ತೆ ಹೇಳೋದು, ಅಷ್ಟು ಚಿಕ್ಕ ಮಗು ಮುಂದೆ ಸಾವಿನ ಮಾತು ಆಡ್ಬಾರದು, ಹದಿನೈದು ದಿನ ಕಳೀಲಿ ತಾನೇ ಮರೀತಾನೆ ಅಂತ. ನನಗೆ ಏನು ಮಾಡ್ಬೇಕೋ ತೋಚ್ತಿಲ್ಲ.

ಕೊಪ್ಪದ_ಮಳೆ · ಮಂಗಳವಾರ ರಾತ್ರಿ 11:52

ಅಕ್ಕ, ದಯವಿಟ್ಟು ಹೇಳಿಬಿಡಿ. ಮರೀತಾನೆ ಅನ್ನೋದು ಸುಳ್ಳು, ನನ್ನನ್ನೇ ನೋಡಿ, 43 ವರ್ಷ ನನಗೆ.

ನಾನು ಎರಡನೇ ಕ್ಲಾಸಲ್ಲಿ ಇದ್ದಾಗ ನಮ್ಮನೆ ನಾಯಿ ರಾಜ ಒಂದು ರಾತ್ರಿ ಕಾಣೆಯಾದ. ಚಿರತೆ ಹೊತ್ಕೊಂಡು ಹೋಗಿತ್ತು, ನಮ್ಮ ಕಡೆ ಇದು ಹೊಸದೇನಲ್ಲ, ಒಂಟಿ ಮನೆಗಳು, ಕಾಡು ಪಕ್ಕದಲ್ಲೇ, ಕಟ್ಟಿಹಾಕಿದ ನಾಯಿ ಚಿರತೆಗೆ ಸುಲಭದ ತುತ್ತು. ಬೆಳಗ್ಗೆ ಅಂಗಳದಲ್ಲಿ ರಕ್ತ ಇತ್ತಂತೆ, ಅಪ್ಪಯ್ಯ ನೀರು ಹಾಕಿ ತೊಳೆದುಬಿಟ್ರು. ನನಗೆ ಹೇಳಿದ್ದು ರಾಜ ಓಡಿಹೋದ ಅಂತ. ನಾನು ಆ ಮಳೆಗಾಲ ಪೂರ್ತಿ ದಿನಾ ಸಂಜೆ ದಣಪೆ ಹತ್ರ ಅನ್ನ ಇಟ್ಟು ಕಾದಿದೀನಿ. ನಾನೇನು ಮಾಡಿದೆ ಅಂತ ಅವನು ನನ್ನ ಬಿಟ್ಟು ಹೋದ ಅಂತ ಯೋಚಿಸಿ ಯೋಚಿಸಿ ಅತ್ತಿದೀನಿ. ಹಿಂದಿನ ದಿನ ಅವನಿಗೆ ಕೋಲಲ್ಲಿ ಒಂದು ಹೊಡೆದಿದ್ದೆ, ಅದಕ್ಕೇ ಹೋದ ಅಂತ ಎಷ್ಟೋ ವರ್ಷ ನಂಬಿದ್ದೆ. ಪಿಯುಸಿಲಿ ಇದ್ದಾಗ ಯಾವುದೋ ಮಾತಿಗೆ ಚಿಕ್ಕಪ್ಪ ನಿಜ ಹೇಳಿದ್ರು. ಆಗ ನನಗೆ ಬಂದಿದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು.

ಸತ್ತ ಅಂದಿದ್ರೆ ಒಂದು ವಾರ ಅಳ್ತಿದ್ದೆ. ಓಡಿಹೋದ ಅಂದಿದ್ದಕ್ಕೆ ಹತ್ತು ವರ್ಷ ಹೊತ್ಕೊಂಡೆ.

ಒಂದನೇ_ಕ್ಲಾಸ್_ಟೀಚರ್ · ಬುಧವಾರ ಬೆಳಗ್ಗೆ 6:15

ಕೊಪ್ಪದವರು ಹೇಳಿದ್ದು ಓದಿ ಕಣ್ಣು ತುಂಬಿ ಬಂತು. ನಾನು 18 ವರ್ಷದಿಂದ ನಲಿಕಲಿ ಮಕ್ಕಳಿಗೆ ಪಾಠ ಮಾಡ್ತಿದೀನಿ, ನನ್ನ ಅನುಭವದ ಮಾತು ಹೇಳ್ತೀನಿ.

ಆರು ವರ್ಷದ ಮಗೂಗೆ ಸತ್ರೆ ವಾಪಸ್ ಬರಲ್ಲ ಅನ್ನೋದು ಪೂರ್ತಿ ಅರ್ಥ ಆಗಿರಲ್ಲ. ಇವತ್ತು ಅಳ್ತಾರೆ, ಹತ್ತು ನಿಮಿಷಕ್ಕೆ ಆಟ ಆಡ್ತಾರೆ, ರಾತ್ರಿ ಮತ್ತೆ "ಯಾವಾಗ ಬರ್ತಾನೆ" ಅಂತಾರೆ. ಅದು ಮರೆವಲ್ಲ, ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿಸ್ಕೊಳ್ತಿರ್ತಾರೆ. ಇನ್ನೊಂದು, ಈ ವಯಸ್ಸಲ್ಲಿ ಏನಾದ್ರೂ ಕೆಟ್ಟದ್ದಾದ್ರೆ ನನ್ನಿಂದಲೇ ಆಯ್ತು ಅನ್ಕೊಳ್ತಾರೆ, ಕೊಪ್ಪದವರ ಕೋಲಿನ ಏಟಿನ ಹಾಗೆ. ಒಂಬತ್ತು ಹತ್ತರ ಮೇಲಿನ ಮಕ್ಕಳಿಗೆ ದೊಡ್ಡವರಷ್ಟೇ ಅರ್ಥ ಆಗುತ್ತೆ, ಆದ್ರೆ ಅವರು ಬಾಯಿ ಬಿಡಲ್ಲ.

ಮಾತಿನ ಬಗ್ಗೆ ಒಂದು ವಿಷಯ. ನಮ್ಮ ಭಾಷೇಲಿ "ಹೋದ" ಅಂದ್ರೆ ಸತ್ತ ಅಂತಲೂ ಹೌದು, ಸಂತೆಗೆ ಹೋದ ಅಂತಲೂ ಹೌದು. ಹೋದ ಅಂದ್ರೆ ಮಗು ಕೇಳೋದು ಎಲ್ಲಿಗೆ, ಯಾವಾಗ ಬರ್ತಾನೆ, ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ. "ಮಲಗಿದಾನೆ" ಅನ್ನೋದು ಇನ್ನೂ ಕಷ್ಟ. ನಮ್ಮ ಶಾಲೇಲಿ ಒಂದು ಹುಡುಗಿಗೆ ಅವರ ಮನೆ ಬೆಕ್ಕು ಮಲಗಿಬಿಡ್ತು, ಇನ್ನು ಏಳಲ್ಲ ಅಂತ ಹೇಳಿದ್ರು, ಆ ಮಗು ರಾತ್ರಿ ಮಲಗೋಕೇ ಹೆದರೋಕೆ ಶುರು ಮಾಡ್ತು, ಅಮ್ಮ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದ್ರೂ ಅಲ್ಲಾಡಿಸಿ ಎಬ್ಬಿಸೋಳು. "ದೇವರು ಕರ್ಕೊಂಡ" ಅಂದ್ರೆ ಕೆಲವರು ದೇವರ ಮೇಲೇ ಸಿಟ್ಟಾಗ್ತಾರೆ. ಅದಕ್ಕೆ "ಸತ್ತುಹೋದ" ಅಂತಲೇ ಹೇಳಿ. ಅಂದ್ರೆ ಅವನ ಮೈ ಕೆಲಸ ನಿಲ್ಲಿಸ್ತು, ಉಸಿರಾಡಲ್ಲ, ಹಸಿವಾಗಲ್ಲ, ನೋವೂ ಆಗಲ್ಲ, ವಾಪಸ್ ಬರಲ್ಲ ಅಂತ ಬಿಡಿಸಿ ಹೇಳಿ. ಮೊದಲು ಹೇಳಿದ್ದು ತಪ್ಪಾಯ್ತು ಅಂತ ಅವರಪ್ಪನೇ ಹೇಳಿದ್ರೆ ಒಳ್ಳೇದು.

ಮಗಳ ವಿಷಯ ನನಗೆ ಹೆಚ್ಚು ಚಿಂತೆ. ಅವಳಿಗೆ ದುಃಖದ ಜೊತೆಗೆ ಒಂದು ಸುಳ್ಳನ್ನೂ ಹೊರಿಸಿದೀರ. ಬೇಜಾರ್ ಮಾಡ್ಕೋಬೇಡಿ, ಆದ್ರೆ ಅವಳ ಹತ್ರ ಮೊದಲು ಮಾತಾಡಿ. ಇಬ್ಬರ ಕ್ಲಾಸ್ ಟೀಚರ್‌ಗೂ ಒಂದು ಮಾತು ತಿಳಿಸಿ.

ಹಿರೇಗೌಡ_60 · ಬುಧವಾರ ಬೆಳಗ್ಗೆ 8:03

ತಪ್ಪು ತಿಳೀಬೇಡಿ ತಾಯಿ. ನಮ್ಮ ಕಾಲದಲ್ಲಿ ಮನೇಲಿ ನಾಯಿ, ದನ, ಕುರಿ ಎಲ್ಲಾ ಇರ್ತಿದ್ವು, ಹುಟ್ಟೋವು ಸಾಯೋವು, ಯಾರೂ ಕೂರಿಸ್ಕೊಂಡು ವಿವರಿಸ್ತಿರ್ಲಿಲ್ಲ. ಒಂದು ಒಳ್ಳೆ ಮರಿ ತಂದು ಕೈಗೆ ಕೊಡಿ. ಮಕ್ಕಳ ಮನಸ್ಸು ಅದರ ಕಡೆ ತಿರುಗುತ್ತೆ. ಅವರು ಅಳೋದು ನೋಡೋಕಾಗಲ್ಲ ಅನ್ನೋದು ನನಗೂ ಗೊತ್ತು, ಅದಕ್ಕೇ ಹೇಳಿದ್ದು.

ದಾವಣಗೆರೆ_ಮನೆ · ಬುಧವಾರ ಮಧ್ಯಾಹ್ನ 1:30

ಗೌಡ್ರೆ, ನಿಮ್ಮ ಮಾತಲ್ಲಿ ಕಾಳಜಿ ಇದೆ, ಆದ್ರೆ ನಾವು ಅದನ್ನೇ ಮಾಡಿ ಕೈ ಸುಟ್ಕೊಂಡಿದೀವಿ. ನಮ್ಮ ಮೂರು ತಿಂಗಳ ಮರಿ ಚಿನ್ನಿ ಪಾರ್ವೋ ಅನ್ನೋ ವೈರಸ್ ಕಾಯಿಲೆ ಬಂದು ಸತ್ತುಹೋಯ್ತು, ರಕ್ತ ಭೇದಿ, ಎರಡೇ ದಿನ. ಮಗಳು ಊಟ ಬಿಟ್ಟಳು ಅಂತ ಹತ್ತು ದಿನಕ್ಕೇ ಅದೇ ಬಣ್ಣದ ಮರಿ ತಂದು ಅದಕ್ಕೂ ಚಿನ್ನಿ ಅಂತಲೇ ಹೆಸರಿಟ್ವಿ. ಮಗಳು ಅದನ್ನ ಮುಟ್ಟಲೇ ಇಲ್ಲ. "ಇದು ಸುಳ್ಳು ಚಿನ್ನಿ" ಅಂದ್ಲು. ಆಮೇಲೆ ನಿಧಾನಕ್ಕೆ ಹತ್ತಿರ ಆಗ್ತಿದ್ದಾಗ, ಮೂರನೇ ವಾರಕ್ಕೆ ಅದಕ್ಕೂ ಅದೇ ಕಾಯಿಲೆ ಬಂದು ಅದೂ ಸತ್ತೋಯ್ತು. "ನಮ್ಮನೆಗೆ ಬಂದಿದ್ದೆಲ್ಲಾ ಸಾಯುತ್ತೆ ಅಲ್ವಾ ಅಪ್ಪ" ಅಂದ್ಲು. ಎಂಟು ವರ್ಷದ ಮಗು. ಆ ಮಾತು ನನಗೆ ಇವತ್ತಿಗೂ ಹೊಟ್ಟೇಲಿ ಕಲ್ಲು ಇಟ್ಟ ಹಾಗಿದೆ.

ಪಶುವೈದ್ಯ_ಹಾಸನ · ಬುಧವಾರ ರಾತ್ರಿ 9:45

ದಾವಣಗೆರೆಯವರ ಅನುಭವ ನಾನು ಎಷ್ಟೋ ಮನೇಲಿ ನೋಡಿದೀನಿ, ಅದಕ್ಕೇ ಬರೀತಿದೀನಿ. ಪಾರ್ವೋ ವೈರಸ್ ನೆಲದಲ್ಲಿ, ಗೋಣಿಚೀಲದಲ್ಲಿ, ತಟ್ಟೇಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷದವರೆಗೂ ಉಳ್ಕೊಳ್ಳುತ್ತೆ. ಫಿನಾಯಿಲ್ ಹಾಕಿ ಒರೆಸಿದ್ರೆ ಸಾಲದು, ಬ್ಲೀಚಿಂಗ್ ಬೇಕು. ಪಾರ್ವೋದಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ತಿ ಆಗದ ಇನ್ನೊಂದು ಮರಿ ತರ್ಲೇಬಾರದು. ಲಸಿಕೆ 6ರಿಂದ 8ನೇ ವಾರಕ್ಕೆ ಶುರು ಮಾಡಿ 16 ವಾರ ತುಂಬೋವರೆಗೂ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸ್ಬೇಕು. ದಾವಣಗೆರೆಯವರೇ, ನಿಮ್ಮ ಮಗಳಿಗೆ ಇದನ್ನ ಹಾಗೇ ಹೇಳಿ, ನಮ್ಮನೆ ಅಪಶಕುನ ಅಲ್ಲ ಪುಟ್ಟಿ, ನೆಲದಲ್ಲಿ ಕಣ್ಣಿಗೆ ಕಾಣದ ಒಂದು ಕ್ರಿಮಿ ಉಳಿದಿತ್ತು, ನಮಗೆ ಗೊತ್ತಿರ್ಲಿಲ್ಲ ಅಂತ. ಎಂಟು ವರ್ಷಕ್ಕೆ ಇದು ಅರ್ಥ ಆಗುತ್ತೆ, ಮನಸ್ಸೂ ಹಗುರ ಆಗುತ್ತೆ.

ಕಲ್ಪತರು ಅಮ್ಮ, ನಿಮ್ಮ ಕರಿಯನದ್ದು ಕಿಡ್ನಿ. ವಯಸ್ಸಾದ ನಾಯಿಗಳಲ್ಲಿ ಇದು ತುಂಬಾ ಸಾಮಾನ್ಯ, ಹೊರಗೆ ಗೊತ್ತಾಗೋ ಹೊತ್ತಿಗೆ ಕಿಡ್ನಿಯ ಬಹುಪಾಲು ಹಾಳಾಗಿರುತ್ತೆ. ಮಕ್ಕಳಿಗೆ ಬರೀ "ಕಾಯಿಲೆ ಬಂತು" ಅನ್ಬೇಡಿ. ನಾಳೆ ನಿಮಗೆ ನೆಗಡಿ ಬಂದ್ರೂ ಅಮ್ಮ ಸಾಯ್ತಾಳೆ ಅನ್ಕೋತಾನೆ. "ಕಿಡ್ನಿ ಅನ್ನೋದು ಕೆಟ್ಟುಹೋಯ್ತು, ಡಾಕ್ಟರ್‌ಗೂ ಸರಿ ಮಾಡೋಕಾಗ್ಲಿಲ್ಲ, ನಿನಗೆ ಬರೋ ಜ್ವರ ನೆಗಡಿ ಅಂಥದ್ದಲ್ಲ" ಅಂತ ಬಿಡಿಸಿ ಹೇಳಿ.

ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಇನ್ನೊಂದು. ದಯಾಮರಣ ಕೊಡೋ ಸಂದರ್ಭ ಬಂದ್ರೆ "ಇಂಜೆಕ್ಷನ್ ಕೊಟ್ಟು ಮಲಗಿಸಿದ್ರು" ಅಂತ ಮಕ್ಕಳಿಗೆ ಹೇಳ್ಬೇಡಿ, ಆಮೇಲೆ ಸೂಜಿ ಅಂದ್ರೆ ಕಿರುಚ್ತಾರೆ. ಅದು ಬೇರೆ ಔಷಧಿ, ವಾಸಿಯಾಗದೆ ನರಳ್ತಿರೋ ಪ್ರಾಣಿಗೆ ಮಾತ್ರ ಕೊಡೋದು ಅಂತ ಹೇಳ್ಬೇಕು. ಮತ್ತೆ ನಾಯಿ ಇದ್ದಕ್ಕಿದ್ದ ಹಾಗೆ ಸ್ವಭಾವ ಬದಲಾಗಿ, ಜೊಲ್ಲು ಸುರಿಸಿ, ಕಾಲು ಸೋತು ಸತ್ತಿದ್ರೆ ರೇಬಿಸ್ ಅನುಮಾನ ಪಡ್ಲೇಬೇಕು. ಆಗ ಮಕ್ಕಳನ್ನ ಬೈಯದೆ ಕೇಳಿ, ಎಲ್ಲಾದ್ರೂ ಪರಚಿತ್ತಾ, ಗಾಯದ ಮೇಲೆ ನೆಕ್ಕಿತ್ತಾ ಅಂತ. ಬೈತಾರೆ ಅಂತ ಹೆದರಿ ಮುಚ್ಚಿಡ್ತಾರೆ. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ದುಃಖದ ಗಲಾಟೇಲಿ ಇದನ್ನ ಮರೆತ ಮನೆಗಳನ್ನ ಕಂಡಿದೀನಿ.

ಕುಡ್ಲದ_ಕಡಲು · ಗುರುವಾರ ಬೆಳಗ್ಗೆ 7:20

ನಮ್ಮದು ಬೆಕ್ಕಿನ ಕಥೆ ಅಕ್ಕ, ಸ್ವಲ್ಪ ಬೇರೆ. ಅದು ಸತ್ತದ್ದಾ ಬದುಕಿ ಉಂಟಾ ಅಂತಲೇ ಗೊತ್ತಿಲ್ಲ. ಒಂದು ದಿನ ಮನೆಗೆ ಬರ್ಲಿಲ್ಲ, ಆಚೆ ಈಚೆ ಮನೆ, ತೋಡು, ರೈಲ್ವೇ ಪಟ್ಟಿ ಎಲ್ಲ ಹುಡುಕಿ ಆಯ್ತು. ಮಗಳು ಮೀನು ತಿನ್ನುವುದೇ ಬಿಟ್ಲು, ತಲೆ ಭಾಗ ಅದಕ್ಕೆ ಅಂತ. ಇಂಥದ್ದರಲ್ಲಿ ಎಂತ ಹೇಳುದು ಮಕ್ಕಳಿಗೆ? ಸತ್ತಿದೆ ಅಂತ ಹೇಳ್ಲಿಕ್ಕೆ ಮನಸ್ಸು ಬರುದಿಲ್ಲ, ಬರ್ತದೆ ಅಂತ ಹೇಳಿದ್ರೆ ಅದೂ ಸುಳ್ಳು.

ಒಂದನೇ_ಕ್ಲಾಸ್_ಟೀಚರ್ · ಗುರುವಾರ ಸಂಜೆ 5:40

ಕಡಲು ಅವರೇ, ನಿಮಗೆ ಗೊತ್ತಿರೋದಷ್ಟೇ ಹೇಳಿ. "ನಮಗೂ ಗೊತ್ತಿಲ್ಲ ಮಗಾ, ಹುಡುಕಿದ್ವಿ, ಸಿಗ್ಲಿಲ್ಲ, ನನಗೂ ಬೇಜಾರಾಗಿದೆ." ಹುಡುಕೋದನ್ನ ಇಂಥ ದಿನದವರೆಗೆ ಅಂತ ಅವಳ ಜೊತೆ ಸೇರಿ ನಿರ್ಧಾರ ಮಾಡಿ, ಅವಳ ಕೈಲೇ ಚಿತ್ರ ಬರೆಸಿ ನೆರೆಮನೆಯವರಿಗೆ ಕೊಡ್ಸಿ. ಆ ದಿನ ಆದ್ಮೇಲೆ ತಟ್ಟೆ ತೊಳೆದು ಎತ್ತಿಡೋದನ್ನೂ ಅವಳ ಜೊತೇಲೇ ಮಾಡಿ. ಬಾಗಿಲಲ್ಲಿ ತಟ್ಟೆ ಇರೋವರೆಗೂ ಮಗು ಕಾಯ್ತಾನೇ ಇರುತ್ತೆ.

ಹಾವೇರಿ_ಮೆಣಸಿನಕಾಯಿ · ಗುರುವಾರ ರಾತ್ರಿ 10:10

ನಮಸ್ಕಾರ್ರಿ ಅಕ್ಕಾರ. ನಮ್ದು ಆಕಳದ ಕಥಿ. 2022ರಾಗ ಚರ್ಮಗಂಟು ರೋಗ ಬಂದಿತ್ತಲ್ರಿ, ಮೈತುಂಬ ಗಂಟು, ಕಾಲು ಬಾತು ಮೇವು ಬಿಟ್ಟು ನಿಂತಬಿಡತಿದ್ವು, ನಮ್ಮ ಗೌರಿನೂ ಅದ್ರಾಗ ಹೋತ್ರಿ. ನನ್ನ ಮಗ ಆಗ ಒಂಬತ್ತು ವರ್ಷದಾಂವ, ಅದರ ಕರಾ ನೋಡ್ಕೊಳ್ಳಾಂವ ಅವನ. ಜೇಸಿಬಿ ಕರಿಸಿ ಹೊಲದಾಗ ತೆಗ್ಗು ತಗಸಿ, ಉಪ್ಪು ಸುಣ್ಣ ಹಾಕಿ ಮಣ್ಣು ಮಾಡೂದಿತ್ತು. ಹುಡುಗ ನೋಡಬಾರದಂತ ಅವನ್ನ ಅವರ ಅತ್ತಿ ಮನಿಗೆ ಕಳಸೀವಿ. ಅಂವ ಅಲ್ಲಿಂದ ಓಡಿ ಬಂದ್ರಿ. ಕೈಯಾಗ ಅರಿಷಿಣ ಕುಂಕುಮದ ಬಟ್ಟಲಾ, ಬಸವ ಜಯಂತಿಗೆ ಕೋಡಿಗೆ ಕಟ್ಟೂ ರಿಬ್ಬನ್. "ನನ್ನ ಬಿಟ್ಟು ಹೆಂಗ ಮಣ್ಣು ಮಾಡ್ತೀರಿ" ಅಂದ. ಅವತ್ತ ನನಗ ತಿಳೀತು, ನೋಡಬಾರದು ಅನ್ನೂದು ನಮ್ಮ ಅಂಜಿಕಿ, ಅವಂದಲ್ಲ ಅಂತ. ತಾನ ಕುಂಕುಮ ಹಚ್ಚಿದ, ಒಂದ ಮುಷ್ಟಿ ಮಣ್ಣು ಹಾಕಿದ, ಅತ್ತ. ಆಮ್ಯಾಲೆ ಕರದ ಜವಾಬ್ದಾರಿ ಪೂರಾ ಅವಂಗ ಬಿಟ್ವಿ, ಬಾಟ್ಲಿಲೆ ಹಾಲು ಕುಡಿಸೂದು, ಮೈ ತಿಕ್ಕೂದು. ಅದs ಅವನ್ನ ಎಬ್ಬಿಸಿ ನಿಲ್ಲಿಸ್ತರಿ.

ಶನಿವಾರ ತೋಟಕ್ಕ ಕರ್ಕೊಂಡ ಹೋಗ್ರಿ ಅಕ್ಕಾರ. ಬಿಸ್ಕೀಟ ಅಂವನs ಇಡಲಿ.

ಯಲಹಂಕ_3ನೇ_ಮಹಡಿ · ಶುಕ್ರವಾರ ಮಧ್ಯಾಹ್ನ 12:05

ತೋಟ ಹೊಲ ಇರೋರು ಪುಣ್ಯವಂತರು. ನಾವು ಅಪಾರ್ಟ್‌ಮೆಂಟ್ ಜನ, ನಮ್ಮ ಲ್ಯಾಬ್ರಡಾರ್ ಸತ್ತಾಗ ಎಲ್ಲಿಗೆ ತಗೊಂಡ್ ಹೋಗ್ಬೇಕು ಅಂತಲೇ ಗೊತ್ತಾಗದೆ ಮೂರು ಗಂಟೆ ಫೋನ್ ಮಾಡಿದ್ವಿ, ಮಕ್ಕಳು ಪಕ್ಕದಲ್ಲೇ ಅಳ್ತಾ ಇದ್ರು. ಬೆಂಗಳೂರಲ್ಲಿ ಇರೋರಿಗೆ ಹೇಳ್ತೀನಿ, ಸುಮನಹಳ್ಳಿ ಹತ್ರ ಪಾಲಿಕೆಯ ಪ್ರಾಣಿಗಳ ಚಿತಾಗಾರ ಇದೆ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಅವರ ಹತ್ರ ಹೂಳೋಕೆ ಜಾಗ ಇದೆ, ಮೊದಲೇ ಫೋನ್ ಮಾಡಿ ಕೇಳ್ಕೊಂಡು ಹೋಗಿ. ವಯಸ್ಸಾದ ಪ್ರಾಣಿ ಇರೋರು ಇದನ್ನ ಈಗಲೇ ವಿಚಾರಿಸಿಟ್ಕೊಳ್ಳಿ. ಸ್ವಲ್ಪ ಬೂದಿ ತಂದು ಬಾಲ್ಕನಿ ಕುಂಡದಲ್ಲಿ ಹಾಕಿ ದಾಸವಾಳ ನೆಟ್ಟಿದೀವಿ, ಚಿಕ್ಕವಳು ಹೂ ಬಿಟ್ಟಾಗೆಲ್ಲ ಗುಡ್ ಮಾರ್ನಿಂಗ್ ಹೇಳ್ತಾಳೆ.

ಕಲ್ಪತರು_ಅಮ್ಮ · ಭಾನುವಾರ ರಾತ್ರಿ 10:30

ಎಲ್ಲರದ್ದೂ ಓದಿದೆ, ನಮ್ಮನೆಯವರಿಗೂ ಓದಿ ಹೇಳಿದೆ, ಕೊಪ್ಪದವರದ್ದು ಓದುವಾಗ ಅವರು ಎದ್ದು ಹೊರಗೆ ಹೋದ್ರು.

ಶುಕ್ರವಾರ ರಾತ್ರಿ ಮೊದಲು ಮಗಳ ಹತ್ರ ಕೂತೆ. "ನಿನ್ನ ಕೈಲಿ ಸುಳ್ಳು ಹೇಳಿಸಿದ್ದು ನಮ್ಮ ತಪ್ಪು ಕಣೇ" ಅಂದೆ. ಅಷ್ಟೇ ಅಂದಿದ್ದು, ತಬ್ಕೊಂಡು ಎಷ್ಟು ಅತ್ತಳು ಅಂದ್ರೆ ಉಸಿರು ಕಟ್ಟೋ ಹಾಗೆ. ಸ್ಕೂಲಲ್ಲಿ ಒಂದಿಬ್ಬರು "ಒಂದು ನಾಯಿಗೆ ಇಷ್ಟೊಂದಾ" ಅಂತ ನಕ್ಕಿದಾರಂತೆ, ಅದನ್ನೂ ಒಳಗೇ ಇಟ್ಕೊಂಡಿದ್ಲು.

ಶನಿವಾರ ಹೊರಡೋ ಮುಂಚೆ ಇವರು ಮಗನ್ನ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದ್ರು. ಕರಿಯ ಸತ್ತುಹೋಗಿದಾನೆ, ಅವತ್ತೇ ಹೇಳ್ಬೇಕಿತ್ತು, ಅಪ್ಪಂಗೆ ಹೇಳೋಕೆ ಭಯ ಆಗಿತ್ತು ಅಂತ. ಮಗ ಸುಮ್ನೆ ನೋಡ್ದ. ಆಮೇಲೆ ಕೇಳಿದ, "ನಾನು ಅವತ್ತು ಚಾಕ್ಲೇಟ್ ಕೊಟ್ಟಿದ್ದೆ, ಅದಕ್ಕಾ?" ಯಾವತ್ತೋ ಎರಡು ತಿಂಗಳ ಹಿಂದೆ ಒಂದು ಚೂರು ಕೊಟ್ಟಿದ್ನಂತೆ. ಟೀಚರ್ ಮೊದಲೇ ಹೇಳಿದ್ರಿಂದ ನಾನು ಗಾಬರಿ ಆಗ್ಲಿಲ್ಲ, ಇಲ್ಲ ಪುಟ್ಟ, ಡಾಕ್ಟರ್ ಅಂಕಲ್ ಟೆಸ್ಟ್ ಮಾಡಿದಾರೆ, ಕಿಡ್ನಿ ಕೆಟ್ಟಿತ್ತು, ನಿನ್ನಿಂದ ಅಲ್ಲ ಅಂತ ಮೂರು ಸಲ ಹೇಳಿದೆ. ಆಮೇಲೆ ಅತ್ತ. ತೋಟದಲ್ಲಿ ಬಿಸ್ಕತ್ ಇಟ್ಟ, ಒಂದೊಂದೇ, ಪೂರ್ತಿ ಪ್ಯಾಕೆಟ್. ಮಣ್ಣೊಳಗೆ ಕತ್ತಲಾಗಲ್ವಾ ಅಂದ, ಅವನಿಗೆ ಈಗ ಕತ್ತಲೆ ಗೊತ್ತಾಗಲ್ಲ, ಹಸಿವೂ ಆಗಲ್ಲ ಅಂದೆ. ಸಂಜೆ ಅಜ್ಜಿ ಜೊತೆ ಏನೂ ಆಗದೇ ಇರೋ ಹಾಗೆ ಆಡ್ತಿದ್ದ. ರಾತ್ರಿ ಮಲಗುವಾಗ, "ನೀನೂ ಸಾಯ್ತೀಯಾ ಅಮ್ಮ?" ಇದಕ್ಕೆ ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ, ಮಲಗು ಅಂದ್ಬಿಟ್ಟೆ.

ಒಂದನೇ_ಕ್ಲಾಸ್_ಟೀಚರ್ · ಭಾನುವಾರ ರಾತ್ರಿ 10:58

ಮತ್ತೆ ಕೇಳ್ತಾನೆ, ಚಿಂತೆ ಬೇಡ. "ಎಲ್ಲರೂ ಒಂದಿನ ಸಾಯ್ತಾರೆ, ಆದ್ರೆ ನಾನು ಗಟ್ಟಿಯಾಗಿದೀನಿ, ನೀನು ದೊಡ್ಡವನಾಗಿ ನನ್ನಷ್ಟು ಆಗೋವರೆಗೂ ಇರ್ತೀನಿ ಅನ್ನೋ ನಂಬಿಕೆ ಇದೆ, ನಿನ್ನ ನೋಡ್ಕೊಳ್ಳೋಕೆ ಅಪ್ಪ, ಅಜ್ಜಿ, ಅಕ್ಕ ಎಲ್ಲಾ ಇದಾರೆ" ಅನ್ನಿ. ಸಾಯೋದೇ ಇಲ್ಲ ಅಂತ ಮಾತ್ರ ಹೇಳ್ಬೇಡಿ. ಅವನು ಗೊಂಬೆ ನಾಯಿ ತಗೊಂಡು ಮಣ್ಣು ಮಾಡೋ ಆಟ ಆಡಿದ್ರೆ ಬೈಬೇಡಿ, ಮಕ್ಕಳು ದುಃಖ ಕಳ್ಕೊಳ್ಳೋದು ಆಟದಲ್ಲೇ. ಊಟ, ನಿದ್ದೆ, ಸ್ಕೂಲು ವಾರಗಟ್ಟಲೆ ಕೆಟ್ರೆ ಅಥವಾ ನಾನೂ ಕರಿಯನ ಹತ್ರ ಹೋಗ್ತೀನಿ ಅಂತ ಪದೇ ಪದೇ ಅಂದ್ರೆ ತಡ ಮಾಡ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆನೂ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಮದ್ದೂರು_ಮೇಷ್ಟ್ರು · ಸೋಮವಾರ ಬೆಳಗ್ಗೆ 6:50

ಒಂದು ನಾಯಿಗೆ ಇಷ್ಟೊಂದಾ ಅಂತ ನಕ್ಕರು ಅನ್ನೋದು ಓದಿ ಸುಮ್ನಿರೋಕಾಗ್ಲಿಲ್ಲ. ನಿಮ್ಮ ಮಗಳಿಗೆ ನಮ್ಮ ತಾಲೂಕಿನ ಆತಕೂರು ಶಾಸನದ ವಿಷಯ ಹೇಳಿ ತಾಯಿ. ಕ್ರಿ.ಶ. 949-50ರ ಕಾಲದ್ದು. ಚೋಳರ ವಿರುದ್ಧದ ತಕ್ಕೋಲಂ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಅನ್ನೋ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ರಾಜನ ಬೇಟೆನಾಯೀನ, ಹೆಸರು ಕಾಳಿ. ಆ ಕಾಳಿ ಒಂದು ದೊಡ್ಡ ಹಂದಿ ಮೇಲೆ ಬಿದ್ದು ಹೋರಾಡಿ ಎರಡೂ ಸತ್ವು. ಮಣಲೆರ ಏನ್ ಮಾಡ್ದ ಗೊತ್ತಾ, ಚಲ್ಲೇಶ್ವರ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಊಟ ಮಾಡಿದ್ರೆ ಪಾಪ ಅಂತ ಬರೆಸ್ದ. ಹಂದಿ ಮೇಲೆ ಬಿದ್ದಿರೋ ನಾಯಿ ಚಿತ್ರನೂ ಕಲ್ಲಲ್ಲಿದೆ. ಕಲ್ಲು ಈಗ ಬೆಂಗಳೂರು ಸರ್ಕಾರಿ ಮ್ಯೂಸಿಯಮ್ಮಿಂದು. ಸಾವಿರ ವರ್ಷದ ಹಿಂದೆ ಯುದ್ಧ ಗೆದ್ದ ಗಂಡಾಳು ನಾಯಿಗೋಸ್ಕರ ಕಲ್ಲು ನೆಡಿಸಿದಾನೆ, ನಿಮ್ಮ ಮಗಳು ಅಳೋದ್ರಲ್ಲಿ ನಾಚ್ಕೋಳೋದು ಏನೂ ಇಲ್ಲ.

ಹಿರೇಗೌಡ_60 · ಸೋಮವಾರ ಬೆಳಗ್ಗೆ 9:15

ತಾಯಿ, ಅಷ್ಟು ಚಿಕ್ಕ ಹುಡುಗ ಎರಡು ತಿಂಗಳ ಹಿಂದಿನ ಚಾಕ್ಲೇಟು ನೆನಪಿಟ್ಕೊಂಡು ಒಳಗೇ ಕೊರಗ್ತಿದ್ದ ಅಂತ ಓದಿ ನನ್ನ ಮಾತು ನಾನು ವಾಪಸ್ ತಗೋತೀನಿ. ನಾವೂ ಮರೆತಿರ್ಲಿಲ್ಲ ಅನ್ಸುತ್ತೆ, ನಮ್ಮನ್ನ ಯಾರೂ ಕೇಳಿರ್ಲಿಲ್ಲ ಅಷ್ಟೆ. ನನಗೂ ಒಂದು ಎತ್ತಿತ್ತು.

ಕಲ್ಪತರು_ಅಮ್ಮ · ಮಹಾಲಯ ಅಮಾವಾಸ್ಯೆ, ರಾತ್ರಿ 9:00

ತುಂಬಾ ದಿನ ಆದ್ಮೇಲೆ ಬರೀತಿದೀನಿ. ಮಗಳು ಆತಕೂರು ಕಥೇನ ಕ್ಲಾಸಲ್ಲಿ ಎದ್ದು ನಿಂತು ಹೇಳಿದಾಳೆ ಮೇಷ್ಟ್ರೇ. ಬೆಲ್ಟ್ ಈಗ ಅವಳ ಟೇಬಲ್ ಮೇಲಿದೆ. ಮಗ ನಡುವೆ ಎರಡು ಸಲ ಹಾಸಿಗೆ ಒದ್ದೆ ಮಾಡ್ಕೊಂಡ, ಈಗ ಸರಿ ಹೋಗಿದೆ. ಹೊಸ ಮರಿ ಬೇಕಾ ಅಂತ ನಾವೂ ಕೇಳಿಲ್ಲ, ಅವರೂ ಕೇಳಿಲ್ಲ.

ಇವತ್ತು ಮನೇಲಿ ಹಿರಿಯರಿಗೆ ಎಡೆ ಇಟ್ವಿ. ಮಾವನವರ ಫೋಟೋ ಮುಂದೆ ಎಲೆ ಹಾಕಿ ಬಡಿಸ್ತಿದ್ದಾಗ ಮಗ ಬಂದು ಕೇಳಿದ, ಕರಿಯಂಗೆ ಎಲ್ಲಿ ಅಂತ. ನಾನು ಅತ್ತೆ ಮುಖ ನೋಡಿದೆ. ಮಕ್ಕಳ ಮುಂದೆ ಸಾವಿನ ಮಾತು ಬೇಡ ಅಂದಿದ್ದೋರು ಅವರೇ ಅಲ್ವಾ. ಧರ್ಮರಾಯ ನಾಯಿ ಬಿಟ್ಟು ನಾನೊಬ್ಬನೇ ಸ್ವರ್ಗಕ್ಕೆ ಬರಲ್ಲ ಅಂದಿದ್ನಂತೆ ಕಣೋ ಅಂತ ಹೇಳ್ತಾ, ಅಡಿಗೆಮನೆಗೆ ಹೋಗಿ ಕರಿಯನ ಹಳೇ ಅಲ್ಯೂಮಿನಿಯಂ ತಟ್ಟೇನ ಹುಡುಕಿ ತಂದ್ರು. ಮುದ್ದೆ, ಹಾಲು ಹಾಕಿ ಮಗನ ಕೈಗೆ ಕೊಟ್ರು. ಅವನು ತಗೊಂಡು ಹೋಗಿ ವರಾಂಡದ ಆ ಮೂಲೇಲಿ ಇಟ್ಟ. ಸ್ವಲ್ಪ ಹೊತ್ತಿಗೆ ಬೀದಿ ನಾಯಿ ಒಂದು ಗೇಟ್ ಸಂದೀಲಿ ನುಗ್ಗಿ ಬಂದು ತಿಂತು, ಇಬ್ಬರೂ ಕಿಟಕೀಲಿ ನಿಂತ್ಕೊಂಡು ನೋಡ್ತಿದ್ರು, ಓಡಿಸ್ಲಿಲ್ಲ.